ಕರುಣರಸದ ಪ್ರೇಕ್ಷಕರು: ‘ಸ್ಲಮ್‌ಡಾಗ್ ಮಿಲಿಯನೇರ್’ ಕುರಿತು

ಡ್ಯಾನಿ ಬಾಯ್ಲ್ ನಿರ್ದೇಶಿಸಿದ ‘ಸ್ಲಮ್‌ಡಾಗ್ ಮಿಲಿಯನೇರ್’ 2009ರ ಜನವರಿ 9ರಂದು ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂದಾಗ ಅದರ ಭಿತ್ತಿಪತ್ರಗಳು ಅದನ್ನು ಆ ದಶಕದ ಅತ್ಯಂತ ಉಲ್ಲಾಸದಾಯಕ ಚಿತ್ರವೆಂದು ಸಾರುತ್ತಿದ್ದವು. ಈ ಮಾತನ್ನು ನಂಬಿ ಒಳಗೆ ಕುಳಿತವರಿಗೆ ಆರಂಭದಲ್ಲಿಯೇ ಕಾಣುವುದು, ಮುಂಬಯಿಯ ಪೊಲೀಸ್ ಠಾಣೆಯಲ್ಲಿ ಕೈಗಳನ್ನು ಕಟ್ಟಿ ತೂಗುಬಿಟ್ಟ ಹದಿನೆಂಟರ ಹುಡುಗನ ಮೈಗೆ ವಿದ್ಯುತ್ ಹಾಯಿಸುವ ದೃಶ್ಯ. ಬಳಿಕ ಕೋಮುಗಲಭೆಯಲ್ಲಿ ಮಕ್ಕಳ ಕಣ್ಣೆದುರಿಗೇ ತಾಯಿ ಹತಳಾಗುತ್ತಾಳೆ. ಕುರುಡು ಮಗುವಿನ ಹಾಡಿಗೆ ಹೆಚ್ಚು ಭಿಕ್ಷೆ ಬೀಳುತ್ತದೆಂಬ ಲೆಕ್ಕಾಚಾರದಿಂದ, ಇಂಪಾಗಿ ಹಾಡುವ ಬಾಲಕನೊಬ್ಬನ ಕಣ್ಣುಗಳನ್ನು ಸುಡಲಾಗುತ್ತದೆ. ಬ್ರಿಟನ್ನಿನ ಪ್ರಮಾಣಪತ್ರ ಮಂಡಳಿ 15 ವರ್ಷಕ್ಕಿಂತ ಕಿರಿಯರು ಇದನ್ನು ನೋಡಲಾಗದೆಂದು ನಿರ್ಣಯಿಸಿತ್ತು. ಇಷ್ಟೆಲ್ಲ ಇದ್ದರೂ ಭಿತ್ತಿಪತ್ರದ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮತದಿಂದಲೇ ನಿರ್ಧಾರವಾಗುವ ಪ್ರಶಸ್ತಿ 2008ರಲ್ಲಿ ಈ ಚಿತ್ರಕ್ಕೇ ಸಂದಿತ್ತು. ಸುಮಾರು ಒಂದೂವರೆ ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ, ಅಮೆರಿಕದ ಚಿತ್ರಮಂದಿರಗಳಿಗೆ ಹೋಗದೆ ನೇರವಾಗಿ ಡಿವಿಡಿ ರೂಪದಲ್ಲಿ ಮುಗಿದುಹೋಗಬಹುದಾಗಿದ್ದ ಚಿತ್ರ, ಕೊನೆಗೆ ಜಗತ್ತಿನಾದ್ಯಂತ 37 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು; 2009ರ ಫೆಬ್ರವರಿ 22ರಂದು ಎಂಟು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಜನ ನೊಂದರು, ಅತ್ತರು, ಎದ್ದು ಹೊರಬರುವಾಗ ಹರ್ಷಿತರಾಗಿದ್ದರು.

ಈ ಹರ್ಷ ಸರಿಯೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರಲ್ಲಿ ಅಲ್ಲಿಯವರೂ ಇದ್ದರು. ಲಂಡನ್ನಿನ ‘ದ ಟೈಮ್ಸ್’ ಪತ್ರಿಕೆಯ ಅಂಕಣಕಾರ್ತಿ ಇದನ್ನು ಬಡತನದ ಅಶ್ಲೀಲ ಪ್ರದರ್ಶನವೆಂದು ಕರೆದರು. ಮಕ್ಕಳ ಮೇಲಿನ ಕ್ರೌರ್ಯವನ್ನು ನೋಡಿ ಖುಷಿಯಾಗುವುದಾದರೂ ಹೇಗೆ ಎಂಬುದು ಅವರ ಆಕ್ಷೇಪದ ತಿರುಳು.

ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರರು ‘ನಾಟ್ಯದರ್ಪಣ’ದಲ್ಲಿ ಇದನ್ನೇ ಎದುರಿಸಿದ್ದಾರೆ. ಎಲ್ಲ ರಸಗಳೂ ಆನಂದರೂಪವೆಂದು ಅಭಿನವಗುಪ್ತನ ಪರಂಪರೆ ಹೇಳುತ್ತಿದ್ದ ಕಾಲದಲ್ಲಿ, ಈ ಇಬ್ಬರು ಅದನ್ನು ಒಪ್ಪದೆ, ರಸವು ಸುಖದುಃಖಾತ್ಮಕವೆಂದು ವಾದಿಸಿದರು. ಶೃಂಗಾರ, ವೀರ, ಹಾಸ್ಯಗಳು ಸುಖ ಕೊಡುತ್ತವೆ. ಕರುಣ, ಭಯಾನಕ, ಬೀಭತ್ಸ, ರೌದ್ರಗಳು ದುಃಖವನ್ನೇ ಕೊಡುತ್ತವೆ. ಹಾಗಿದ್ದರೆ ಜನ ದುಃಖದ ನಾಟಕಗಳಿಗೆ ಏಕೆ ಹೋಗುತ್ತಾರೆ? ಕವಿಯ ಮತ್ತು ನಟನ ಕೌಶಲದಿಂದ ಹುಟ್ಟುವ ಚಮತ್ಕಾರಕ್ಕಾಗಿ ಹೋಗುತ್ತಾರೆಂಬುದು ಅವರ ಉತ್ತರ. ತಲೆ ಕಡಿಯಬಲ್ಲ ವೈರಿಯ ಕೈಚಳಕಕ್ಕೂ ವೀರನಾದವನು ಬೆರಗಾಗುತ್ತಾನಲ್ಲವೇ ಎನ್ನುತ್ತಾರೆ. ಪಾನಕದಲ್ಲಿ ಖಾರ ಬೆರೆತಾಗ ಸಿಹಿ ಇನ್ನಷ್ಟು ಸಿಹಿಯಾಗುವಂತೆ, ದುಃಖದ ಆಸ್ವಾದದಿಂದ ಸುಖ ಹೆಚ್ಚು ರುಚಿಸುತ್ತದೆಂಬ ಮಾತೂ ಅಲ್ಲಿದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಅವರು ಬಳಸುವ ‘ವಿಪ್ರಲಬ್ಧ’ ಎಂಬ ಶಬ್ದ. ಈ ಚಮತ್ಕಾರದಿಂದ ವಿಪ್ರಲಬ್ಧರಾಗಿ, ಅಂದರೆ ವಂಚಿತರಾಗಿ, ಬುದ್ಧಿವಂತರೂ ಕೂಡ ಕರುಣರಸದಲ್ಲಿ ಪರಮಾನಂದವಿದೆಯೆಂದು ಘೋಷಿಸುತ್ತಾರೆ ಎಂಬುದು ಅವರ ತೀರ್ಮಾನ. ನಮ್ಮ ಕಾವ್ಯಮೀಮಾಂಸೆಯಲ್ಲಿ ಪ್ರೇಕ್ಷಕನ ಆನಂದದ ಬಗ್ಗೆ ಇಷ್ಟು ನಿಷ್ಠುರವಾದ ಮಾತು ಅಪರೂಪ.

ಬಾಯ್ಲ್‌ನ ಚಿತ್ರದಲ್ಲಿ ಚಮತ್ಕಾರ ಧಾರಾಳವಾಗಿದೆ. ಕ್ಯಾಮೆರಾ ಓಣಿಗಳಲ್ಲಿ ಮಕ್ಕಳ ಬೆನ್ನಟ್ಟಿ ಓಡುತ್ತದೆ, ಎ. ಆರ್. ರೆಹಮಾನರ ಸಂಗೀತ ಆ ಓಟಕ್ಕೆ ಹೆಜ್ಜೆ ಹಾಕುತ್ತದೆ. ಪ್ರತಿ ಯಾತನೆಯ ಹಿಂದೆಯೂ ರಸಪ್ರಶ್ನೆಯ ಒಂದು ಸರಿಯುತ್ತರ ಕಾದಿರುತ್ತದೆ. ಕಣ್ಣು ಕಳೆದುಕೊಂಡ ಬಾಲಕನಿಂದಾಗಿ ನೂರು ಡಾಲರ್ ನೋಟಿನ ಮೇಲಿರುವವನು ಬೆಂಜಮಿನ್ ಫ್ರಾಂಕ್ಲಿನ್ ಎಂಬುದು ನಾಯಕನಿಗೆ ತಿಳಿಯುತ್ತದೆ. ತಾಯಿಯ ಕೊಲೆಯಾದ ದಿನ ಕಂಡ ರಾಮನ ವೇಷದ ಮಗುವಿನಿಂದಾಗಿ, ರಾಮನ ಬಲಗೈಯಲ್ಲಿ ಇರುವುದೇನು ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅಂದರೆ ಇಲ್ಲಿ ಯಾವ ನೋವೂ ವ್ಯರ್ಥವಲ್ಲ. ಎಲ್ಲವೂ ಕೊನೆಗೆ ಎರಡು ಕೋಟಿ ರೂಪಾಯಿಗಳಾಗಿ ಹಿಂದಿರುಗುತ್ತದೆ. ಪ್ರೇಕ್ಷಕನಿಗೆ ಸಿಗುವ ಸಮಾಧಾನದ ಗುಟ್ಟು ಇದು. ನಿಜವಾದ ಬಡವನ ನೋವಿಗೆ ಇಂಥ ಲೆಕ್ಕವಿಲ್ಲ. (ಪ್ರಶ್ನೆಗಳ ವಿಷಯದಲ್ಲಿ ಚಿತ್ರದ ಅಜಾಗರೂಕತೆಗೆ ಒಂದು ನಿದರ್ಶನ: ಘನಶ್ಯಾಮನ ದರ್ಶನವನ್ನು ಬೇಡುವ ಭಜನೆಯನ್ನು ಬರೆದವನು ಸೂರದಾಸನೆಂದು ಇಲ್ಲಿ ಉತ್ತರಿಸಲಾಗಿದೆ. ಆ ಗೀತೆ 1957ರ ‘ನರಸಿ ಭಗತ್’ ಚಿತ್ರಕ್ಕಾಗಿ ಗೋಪಾಲ ಸಿಂಹ ನೇಪಾಲಿ ಬರೆದದ್ದು. ಕುರುಡು ಬಾಲಕನ ಪ್ರಸಂಗಕ್ಕೆ ಕುರುಡು ಕವಿಯ ಹೆಸರು ಹೊಂದಿಕೊಂಡಿತು. ನಿಜವಾದ ಕವಿಯ ಹೆಸರು ಮರೆಯಾಯಿತು.)

ಭಾರತದಲ್ಲಿ ಜನವರಿ 23ರಂದು ಚಿತ್ರ ತೆರೆಕಂಡಾಗ ಪ್ರತಿಕ್ರಿಯೆಯ ಬಗೆಯೇ ಬೇರೆಯಾಗಿತ್ತು. ಇಲ್ಲಿಯ ಪ್ರೇಕ್ಷಕನಿಗೆ ನೋವು ಮತ್ತು ನಲಿವಿನ ಬೆರಕೆ ಒಂದು ಸಮಸ್ಯೆಯೇ ಅಲ್ಲ. ತಾಯಿಯ ಸಾವು, ಅಣ್ಣತಮ್ಮಂದಿರ ವಿರಸ, ಹಾಡು, ಕುಣಿತ, ಕೊನೆಯಲ್ಲಿ ನಾಯಕಿಯ ಮಿಲನ, ಇವೆಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ನೋಡಿ ಬೆಳೆದವನು ಅವನು. 1975ರ ‘ದೀವಾರ್’ ಮೊದಲಾದ ಹಿಂದಿ ಚಿತ್ರಗಳಿಂದ ತಾನು ಪ್ರಭಾವಿತನಾದುದನ್ನು ಬಾಯ್ಲ್ ಸ್ವತಃ ಒಪ್ಪಿಕೊಂಡಿದ್ದಾನೆ. ಹೀಗಾಗಿ ಬ್ರಿಟಿಷರಿಗೆ ಅಪೂರ್ವವೆನಿಸಿದ್ದು ಇಲ್ಲಿಯವರಿಗೆ ಹಳೆಯ ಪರಿಚಿತರಂತೆ ತೋರಿತು. ಆಕ್ಷೇಪಗಳು ಬಂದದ್ದು ಬೇರೆ ದಿಕ್ಕುಗಳಿಂದ. ಇದರ ಕಥೆ ಅಸಂಭವಗಳ ಸರಮಾಲೆಯೆಂದು ಸಲ್ಮಾನ್ ರಶ್ದಿ ಟೀಕಿಸಿದರು. ಚಿತ್ರವು ಬಡತನವನ್ನು ಮರುಭೂಮಿಯಂತೆ, ಪರ್ವತಶ್ರೇಣಿಯಂತೆ ದೇವರು ಕೊಟ್ಟ ಭೂದೃಶ್ಯವನ್ನಾಗಿಸಿ, ಅದು ಮನುಷ್ಯರೇ ಮಾಡಿದ್ದೆಂಬುದನ್ನು ಮರೆಸುತ್ತದೆಂದು ಅರುಂಧತಿ ರಾಯ್ ಬರೆದರು. ಅಮಿತಾಭ್ ಬಚ್ಚನ್ ಆ ತಿಂಗಳಲ್ಲಿಯೇ, ಭಾರತದ ಕೊಳಕು ಮುಖವನ್ನು ಕಂಡು ದೇಶಾಭಿಮಾನಿಗಳು ನೋಯುವುದಾದರೆ, ಅಂಥ ಮುಖ ಅತ್ಯಂತ ಮುಂದುವರಿದ ದೇಶಗಳಿಗೂ ಇದೆಯೆಂಬುದು ಗೊತ್ತಿರಲಿ ಎಂಬರ್ಥದ ಮಾತನ್ನಾಡಿ, ಅದು ವಿವಾದವಾದಾಗ ತಾವು ಚರ್ಚೆಗೆ ಅವಕಾಶ ಕೊಟ್ಟದ್ದಷ್ಟೇ ಎಂದು ಸ್ಪಷ್ಟಪಡಿಸಿದರು. ಅವರ ಹಸ್ತಾಕ್ಷರಕ್ಕಾಗಿಯೇ ಚಿತ್ರದ ಪುಟ್ಟ ಹುಡುಗ ಮಲದ ಗುಂಡಿಗೆ ಹಾರುತ್ತಾನೆಂಬುದನ್ನು ಇಲ್ಲಿ ನೆನೆಯಬಹುದು.

ಹೊರಗಿನವರ ಮುಂದೆ ನಮ್ಮ ಮಾನ ಹೋಯಿತೆಂಬ ಈ ಅಳಲಿಗೆ ದೀರ್ಘವಾದ ಇತಿಹಾಸವಿದೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1956ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಮಾನವೀಯ ದಾಖಲೆಯೆಂಬ ಮನ್ನಣೆ ಪಡೆಯಿತು. ಕಾಲು ಶತಮಾನದ ನಂತರ, 1980ರಲ್ಲಿ, ರಾಜ್ಯಸಭೆಗೆ ನಾಮಕರಣಗೊಂಡಿದ್ದ ನಟಿ ನರ್ಗಿಸ್, ರಾಯ್ ಅವರು ಭಾರತದ ಬಡತನವನ್ನು ವಿದೇಶಕ್ಕೆ ರಫ್ತು ಮಾಡುತ್ತಿದ್ದಾರೆಂದು ಆರೋಪಿಸಿದರು. ಹಾಗಾದರೆ ತೋರಿಸಬೇಕಾದ ಆಧುನಿಕ ಭಾರತ ಯಾವುದೆಂದು ಸಂದರ್ಶಕರು ಕೇಳಿದಾಗ ಅವರು ಕೊಟ್ಟ ಉತ್ತರ: ಅಣೆಕಟ್ಟುಗಳು. ಅವರಿಗೆ ಅಮರಕೀರ್ತಿ ತಂದ 1957ರ ‘ಮದರ್ ಇಂಡಿಯಾ’ ಕೂಡ ಸಾಲ, ಹಸಿವು, ಪ್ರವಾಹಗಳಲ್ಲಿ ಬೇಯುವ ರೈತ ಹೆಂಗಸಿನ ಕಥೆಯೇ. ಆದರೆ ಅದು ಆರಂಭವಾಗುವುದು ಹಳ್ಳಿಗೆ ಕಾಲುವೆಯ ನೀರು ಬರುವ ಸಂಭ್ರಮದಿಂದ. ನೋವು ಹಿಂದಿನದು, ನೀರು ಇಂದಿನದು ಎಂಬ ಕ್ರಮವಿದ್ದರೆ ಬಡತನ ಯಾರ ಮಾನವನ್ನೂ ಕಳೆಯುವುದಿಲ್ಲವೆಂದು ತೋರುತ್ತದೆ.

ಆ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಅಮೆರಿಕದ ಕ್ಯಾಥರಿನ್ ಮೇಯೋ 1927ರಲ್ಲಿ ಭಾರತವನ್ನು ಹೀನಾಯವಾಗಿ ಚಿತ್ರಿಸಿ ಪ್ರಕಟಿಸಿದ ಪುಸ್ತಕದ ಹೆಸರೂ ‘ಮದರ್ ಇಂಡಿಯಾ’ ಎಂದೇ. ಅದಕ್ಕೆ ಪ್ರತ್ಯುತ್ತರವಾಗಿಯೇ ಮೆಹಬೂಬ್ ಖಾನ್ ತನ್ನ ಚಿತ್ರಕ್ಕೆ ಆ ಹೆಸರಿಟ್ಟರು. ಮೇಯೋಳ ಪುಸ್ತಕವನ್ನು ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ವಿಮರ್ಶಿಸುತ್ತ, ಅದು ಚರಂಡಿ ಇನ್‌ಸ್ಪೆಕ್ಟರನ ವರದಿಯೆಂದು ಹೇಳಿದ್ದು ಎಲ್ಲರಿಗೂ ಗೊತ್ತು. ಅಷ್ಟನ್ನೇ ಹೇಳಿ ಮುಂದೆ ಸಾಗುವವರೇ ಹೆಚ್ಚು. ಅದೇ ಬರಹದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಈ ಪುಸ್ತಕವನ್ನು ಅಮೆರಿಕನ್ನರ, ಇಂಗ್ಲಿಷರ ಕೈಗೆ ಕೊಡುವುದು ಯೋಗ್ಯವಲ್ಲ, ಅದರಿಂದ ಅವರಿಗೆ ಒಳಿತಿಲ್ಲ, ಆದರೆ ಪ್ರತಿಯೊಬ್ಬ ಭಾರತೀಯನೂ ಇದನ್ನು ಓದಿ ಸ್ವಲ್ಪವಾದರೂ ಪ್ರಯೋಜನ ಪಡೆಯಬಹುದು. ಹೊಲಸನ್ನು ತೋರಿಸಿದ್ದು ತಪ್ಪೆಂದು ಗಾಂಧೀಜಿ ಹೇಳಲಿಲ್ಲ. ಯಾರಿಗೆ ತೋರಿಸುವುದೆಂಬ ಪ್ರಶ್ನೆಯನ್ನು ಕೇಳಿದರು. ಒಂದೇ ಪುಟ ಒಬ್ಬ ಓದುಗನಿಗೆ ವಿಷವಾಗಬಹುದು, ಇನ್ನೊಬ್ಬನಿಗೆ ಔಷಧವಾಗಬಹುದು ಎಂಬ ವಿವೇಕ ಅದರಲ್ಲಿದೆ.

ಈ ವಿವೇಕವನ್ನು ಕೈಯಲ್ಲಿ ಹಿಡಿದು ಅಭಿನವಗುಪ್ತನತ್ತ ನೋಡಿದರೆ ಒಂದು ಕುತೂಹಲಕರ ತೊಡಕು ಎದುರಾಗುತ್ತದೆ. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅವನು ಪಟ್ಟಿಮಾಡುತ್ತಾನೆ. ಮೊದಲನೆಯದು ಸಂಭಾವನಾವಿರಹ, ಅಂದರೆ ಕಥೆ ಹೀಗೆ ನಡೆಯಲಾರದೆಂಬ ಭಾವನೆ. ರಶ್ದಿಯವರ ತಕರಾರು ಇದೇ. ಎರಡನೆಯದು, ತೋರುತ್ತಿರುವ ಸುಖದುಃಖಗಳನ್ನು ಸ್ವಗತವೆಂದೋ ಪರಗತವೆಂದೋ, ಅಂದರೆ ತನಗೆ ಸೇರಿದ್ದೆಂದೋ ಪರರಿಗೆ ಸೇರಿದ್ದೆಂದೋ, ಇಂಥ ದೇಶಕಾಲದ್ದೆಂದೋ ಕಟ್ಟಿಹಾಕಿ ನೋಡುವುದು. ‘ಸ್ಲಮ್‌ಡಾಗ್’ ಚಿತ್ರದ ಎರಡು ಬಗೆಯ ಪ್ರೇಕ್ಷಕರೂ ಈ ಎರಡನೆಯ ವಿಘ್ನಕ್ಕೆ ತುತ್ತಾದವರೆಂದು ಹೇಳಿಬಿಡಬಹುದು. ಲಂಡನ್ನಿನ ಪ್ರೇಕ್ಷಕ ಅದನ್ನು ಪರಗತವೆಂದು ಕಂಡ. ಯಾವುದೋ ದೂರದ ದೇಶದ ದುಃಖವಾದ್ದರಿಂದ ಅವನ ಉಲ್ಲಾಸಕ್ಕೆ ಭಂಗ ಬರಲಿಲ್ಲ. ಮುಂಬಯಿಯ ಸುಖಾಸೀನ ಪ್ರೇಕ್ಷಕ ಸ್ವಗತವೆಂದು ಕಂಡ. ನಮ್ಮ ಮನೆಯ ಗುಟ್ಟು ಬಯಲಾಯಿತೆಂದು ಮುನಿದ. ಇಬ್ಬರೂ ಸಾಧಾರಣೀಕರಣಕ್ಕೆ ಏರಲಿಲ್ಲವೆಂದು ತೀರ್ಪು ಕೊಟ್ಟರೆ ಶಾಸ್ತ್ರದ ಪ್ರಕಾರ ಮಾತು ಮುಗಿಯುತ್ತದೆ.

ಆದರೆ ಮುಗಿಯುವುದಿಲ್ಲ. ಭಯಾನಕಕ್ಕೆ ಅಭಿನವಗುಪ್ತ ಕೊಡುವ ಪ್ರಸಿದ್ಧ ಉದಾಹರಣೆ ಶಾಕುಂತಲದ ಜಿಂಕೆ, ದುಷ್ಯಂತನ ಬಾಣಕ್ಕೆ ಹೆದರಿ ಹಿಂದಿರುಗಿ ನೋಡುತ್ತ ಓಡುವ ಜಿಂಕೆ. ಅದರ ಭಯ ಯಾರದೂ ಅಲ್ಲದ, ಎಲ್ಲರದೂ ಆದ ಭಯವಾಗಿ ಸಹೃದಯನ ಹೃದಯಕ್ಕೆ ಇಳಿಯುತ್ತದೆ. ಆ ಜಿಂಕೆ ನಾಟಕ ಮುಗಿದ ಮೇಲೆ ಎಲ್ಲಿಗೂ ಹೋಗುವುದಿಲ್ಲ. ಕೊಳೆಗೇರಿಯ ಮಗುವಿಗೆ ವಿಳಾಸವಿದೆ. ಅದರ ಓಣಿಗೆ ನಲ್ಲಿ ಬರಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ನಗರಪಾಲಿಕೆಯಿದೆ. ಆ ಪಾಲಿಕೆಗೆ ಮತ ಹಾಕುವವರು ಅದೇ ಚಿತ್ರಮಂದಿರದ ಆಸನಗಳಲ್ಲಿದ್ದಾರೆ. ಅಂಥ ಮಗುವಿನ ನೋವನ್ನು ದೇಶಕಾಲಗಳಿಂದ ಬಿಡಿಸಿ ಆಸ್ವಾದಿಸುವುದು ‘ನಾಟ್ಯದರ್ಪಣ’ದ ಅರ್ಥದಲ್ಲಿ ವಿಪ್ರಲಬ್ಧನಾಗುವುದೇ ಸರಿ. ಕಾವ್ಯದಲ್ಲಿ ವಿಘ್ನವೆನಿಸಿದ್ದು ಇಲ್ಲಿ ಕರ್ತವ್ಯವಾಗುತ್ತದೆ. ಇದು ನಮ್ಮದೆಂದು ನೋಡಿದ ಭಾರತೀಯ ಪ್ರೇಕ್ಷಕ ಹಾಗೆ ನೋಡಿದ್ದರಲ್ಲಿ ತಪ್ಪಲಿಲ್ಲ. ಅವನ ನಾಚಿಕೆ ಯಾರ ಮುಂದೆ ಎಂಬುದರಲ್ಲಿ ಎಡವಿದ. ಮಲದ ಗುಂಡಿಯಿಂದೆದ್ದ ಮಗುವಿನ ಮುಂದೆ ನಾಚಬೇಕಾದವನು, ಅದನ್ನು ನೋಡುತ್ತಿದ್ದ ಪರದೇಶಿಯ ಮುಂದೆ ನಾಚಿದ.

ವಿಚಿತ್ರವೆಂದರೆ ಈ ಸೂಕ್ಷ್ಮ ಚಿತ್ರದೊಳಗೇ ಅಡಗಿದೆ. ಆಗ್ರಾದ ಪ್ರಸಂಗದಲ್ಲಿ, ಅಮೆರಿಕದ ಪ್ರವಾಸಿ ದಂಪತಿಯ ಕಾರಿನ ಬಿಡಿಭಾಗಗಳನ್ನು ಹುಡುಗರು ಕದ್ದೊಯ್ಯುತ್ತಾರೆ. ಸಿಟ್ಟಾದ ಚಾಲಕ ಜಮಾಲನನ್ನು ಹೊಡೆದಾಗ, ನಿಜವಾದ ಭಾರತವನ್ನು ನೋಡಬಯಸಿದವರಿಗೆ ಇದೇ ಅದು ಎಂದು ಹುಡುಗ ಅವರಿಗೆ ಹೇಳುತ್ತಾನೆ. ಆಕೆ ನಿಜವಾದ ಅಮೆರಿಕವನ್ನು ತೋರಿಸುತ್ತೇನೆಂದು ಹಣ ಕೊಡಿಸುತ್ತಾಳೆ. ಪಶ್ಚಿಮದ ಮರುಕವನ್ನು ಇದಕ್ಕಿಂತ ಹರಿತವಾಗಿ ಅಣಕಿಸುವುದು ಕಷ್ಟ. ಇನ್ನೊಂದು ಪ್ರಸಂಗ ಭಾರತೀಯ ಪ್ರೇಕ್ಷಕನಿಗೆ ಸಂಬಂಧಿಸಿದ್ದು. ರಾಷ್ಟ್ರಲಾಂಛನದ ಸಿಂಹಗಳ ಕೆಳಗೆ ಬರೆದಿರುವುದೇನೆಂಬ ಪ್ರಶ್ನೆಗೆ ಜಮಾಲನಿಗೆ ಉತ್ತರ ಗೊತ್ತಿಲ್ಲ. ಅವನು ಸಭಾಂಗಣದ ಪ್ರೇಕ್ಷಕರ ನೆರವು ಕೇಳುತ್ತಾನೆ. ಸತ್ಯವೇ ಗೆಲ್ಲುತ್ತದೆಂಬುದು ಅವರಿಗೆಲ್ಲ ಗೊತ್ತಿದೆ! ತನ್ನ ಐದು ವರ್ಷದ ಮಗಳಿಗೂ ಗೊತ್ತಿರುವುದು ನಿನಗೆ ಗೊತ್ತಿಲ್ಲವೇ ಎಂದು ಪೊಲೀಸ್ ಅಧಿಕಾರಿ ಮೂದಲಿಸಿದಾಗ, ಚೌಪಾಟಿಯಲ್ಲಿ ಪಾನಿಪೂರಿಯ ಬೆಲೆಯೆಷ್ಟೆಂದು ಜಮಾಲ್ ಮರುಪ್ರಶ್ನೆ ಹಾಕುತ್ತಾನೆ. ಎಂಟು ಪ್ರಶಸ್ತಿಗಳ ಗದ್ದಲದಲ್ಲಿ ಈ ಎರಡು ನಿಮಿಷಗಳ ಬಗ್ಗೆ ಚರ್ಚೆ ನಡೆದದ್ದು ಕಡಿಮೆ.

ಚಿತ್ರ ಮುಗಿಯುವುದು ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ ನಿಲ್ದಾಣದ ಕುಣಿತದಿಂದ. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದ ಎರಡೇ ವಾರಗಳಲ್ಲಿ, 2008ರ ನವೆಂಬರ್ 26ರಂದು, ಅದೇ ನಿಲ್ದಾಣದಲ್ಲಿ ಭಯೋತ್ಪಾದಕರ ಗುಂಡಿಗೆ ಐವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಎರಡು ತಿಂಗಳ ನಂತರ ಆ ಕುಣಿತವನ್ನು ಕಂಡ ಮುಂಬಯಿಯ ಪ್ರೇಕ್ಷಕನ ಮನಸ್ಸು, ಅದೇ ಹೊತ್ತಿಗೆ ಬೇರೆಲ್ಲೋ ಕುಳಿತು ನೋಡಿದವನ ಮನಸ್ಸಿನಂತೆ ಇರಲು ಸಾಧ್ಯವೇ ಇರಲಿಲ್ಲ. ಆ ಹಾಡು ಮಾತ್ರ ಎಲ್ಲವನ್ನೂ ದಾಟಿ ನಡೆಯಿತು. 2009ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅದರ ಹಕ್ಕು ಪಡೆದು ಪ್ರಚಾರಗೀತೆಯಾಗಿ ಬಳಸಿತು. ಎದುರು ಪಕ್ಷ ‘ಭಯ್ ಹೋ’ ಎಂಬ ಅಣಕು ಹಾಡಿನಿಂದ ಉತ್ತರಿಸಿತು.

ಮೂರನೆಯ ಬಗೆಯ ಪ್ರತಿಕ್ರಿಯೆಯೊಂದಿತ್ತು. ಅದನ್ನು ಇಂಗ್ಲಿಷ್ ಪತ್ರಿಕೆಗಳು ತಮಾಷೆಯಂತೆ ವರದಿ ಮಾಡಿದವು. ಮುಂಬಯಿಯ ಕೊಳೆಗೇರಿಗಳ ನಿವಾಸಿಗಳು ತಾವು ನಾಯಿಗಳಲ್ಲವೆಂಬ ಫಲಕಗಳನ್ನು ಹಿಡಿದು ಬೀದಿಗಿಳಿದರು. ಪಾಟ್ನಾದಲ್ಲಿ ಪ್ರತಿಭಟನೆಕಾರರು ಚಿತ್ರದ ಭಿತ್ತಿಪತ್ರಗಳನ್ನು ಹರಿದರು, ನ್ಯಾಯಾಲಯದ ಮೆಟ್ಟಿಲೂ ಏರಿದರು. ವಿಕಾಸ್ ಸ್ವರೂಪ್ ಅವರ ಮೂಲ ಕಾದಂಬರಿಯ ಹೆಸರು ‘ಕ್ಯೂ ಆ್ಯಂಡ್ ಎ’. ಅದರಲ್ಲಿ ನಾಯಕನ ಹೆಸರು ರಾಮ್ ಮೊಹಮ್ಮದ್ ಥಾಮಸ್. ‘ಸ್ಲಮ್‌ಡಾಗ್’ ಎಂಬುದು ಚಿತ್ರಕಥೆಗಾರ ಸೈಮನ್ ಬ್ಯೂಫಾಯ್ ಕಟ್ಟಿದ ಪದ. ಅದರಲ್ಲಿ ಅವಮಾನವಿಲ್ಲ, ಸೋಲುವನೆಂದು ಎಲ್ಲರೂ ಎಣಿಸಿದವನು ಗೆಲ್ಲುವ ಸೂಚನೆಯಿದೆ ಎಂಬ ಸಮಜಾಯಿಷಿ ಬಂತು. ಇಂಗ್ಲಿಷಿನ ನುಡಿಗಟ್ಟಿನಲ್ಲಿ ಅದು ಸರಿಯಿರಬಹುದು. ನಾಯಿಯೆಂದು ಕರೆಸಿಕೊಂಡೇ ಬದುಕುತ್ತಿರುವವನ ಕಿವಿಗೆ ಆ ಪದ ತಲುಪುವುದು ಒಂದೇ ಅರ್ಥದಲ್ಲಿ. ಗಮನಿಸಬೇಕಾದದ್ದೆಂದರೆ ಆ ಜನರ ಆಕ್ಷೇಪ ಮುಖ್ಯವಾಗಿ ಕಥೆಯ ಅಸಂಭವದ್ದಾಗಲಿ ದೇಶದ ಮಾನದ್ದಾಗಲಿ ಆಗಿರಲಿಲ್ಲ. ಹೆಸರಿಟ್ಟವರನ್ನು ಹೆಸರಿನ ಬಗ್ಗೆ ಕೇಳಿದರು. ಆ ತಿಂಗಳುಗಳಲ್ಲಿ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ.

ಬಾಲ್ಯದ ಪಾತ್ರಗಳನ್ನು ವಹಿಸಿದ ಮಕ್ಕಳಲ್ಲಿ ಇಬ್ಬರು ಬಾಂದ್ರಾದ ಗರೀಬ್ ನಗರ ಕೊಳೆಗೇರಿಯವರು. ಆಸ್ಕರ್ ಸಮಾರಂಭಕ್ಕೆ ಅವರನ್ನು ವಿಮಾನದಲ್ಲಿ ಕರೆದೊಯ್ಯಲಾಯಿತು. ಮರಳಿದಾಗ ಮುಂಬಯಿಯ ವಿಮಾನನಿಲ್ದಾಣದಲ್ಲಿ ಜನ ಮುಗಿಬಿದ್ದರು. ಮೂರು ತಿಂಗಳೊಳಗೆ, ಅದೇ ವರ್ಷದ ಮೇ ತಿಂಗಳಲ್ಲಿ, ಅತಿಕ್ರಮಣ ತೆರವು ಕಾರ್ಯಾಚರಣೆಯಲ್ಲಿ ಇಬ್ಬರ ಗುಡಿಸಲುಗಳೂ ಒಂದರ ಹಿಂದೊಂದರಂತೆ ನೆಲಸಮವಾದವು. ನಿರ್ಮಾಪಕರು ಮಕ್ಕಳಿಗಾಗಿ ‘ಜೈ ಹೋ’ ಎಂಬ ಟ್ರಸ್ಟ್ ಸ್ಥಾಪಿಸಿದ್ದರು. ಹುಡುಗನ ಕುಟುಂಬಕ್ಕೆ ಅದು ಮನೆಯೊಂದನ್ನು ಕೊಡಿಸಿತು. ಹುಡುಗಿಯ ಕುಟುಂಬ ಗರೀಬ್ ನಗರದಲ್ಲಿಯೇ ಉಳಿದಿತ್ತು. 2011ರ ಮಾರ್ಚ್ 4ರ ರಾತ್ರಿ ಅಲ್ಲಿ ಬೆಂಕಿ ಬಿದ್ದು ನೂರಾರು ಗುಡಿಸಲುಗಳು ಉರಿದುಹೋದಾಗ ಅವಳ ಮನೆಯೂ ಉಳಿಯಲಿಲ್ಲ. ಆಸ್ಕರ್ ಸಮಾರಂಭದ ನೆನಪಿಗೆಂದು ಅವಳು ಇಟ್ಟುಕೊಂಡಿದ್ದ ವಸ್ತುಗಳೂ ಅದರೊಂದಿಗೆ ಸುಟ್ಟುಹೋದವೆಂದು ಪತ್ರಿಕೆಗಳು ಬರೆದವು.